ಅಜ್ಜ ಒರಗುತ್ತಿದ್ದ ಗೋಡೆ

ಎಚ್ಚರಿಕೆಯಿಂದ ಕೆಲಸ ಮಾಡುವವರಿಗೆ ಈ ಲೋಕದಲ್ಲಿ ನ್ಯಾಯವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅರೆಬರೆ ಮಾಡಿದವರನ್ನು ಯಾರೂ ಏನೂ ಅನ್ನುವುದಿಲ್ಲ. ನಾನು ಒಂದು ಗೋಡೆಯನ್ನು ಮೂಲೆ ಬಿಡದಂತೆ ಸ್ವಚ್ಛ ಮಾಡಿದ್ದೇ ಮಹಾಪರಾಧವಾಯಿತು.

ಕಾಚಿಗುಡದ ನಮ್ಮ ಮನೆ ಅಜ್ಜ ಕಲ್ಯಾಣಪ್ಪನವರ ಕಾಲದ್ದು. ಒಂದು ಕನ್ನಡ ಧಾರಾವಾಹಿಯವರು ತಮ್ಮ ಕಥೆಯ ಕುಟುಂಬಕ್ಕೆ ಹಳೆಯ ಮನೆ ಹುಡುಕುತ್ತ ಬಂದು ಇದನ್ನೇ ಒಪ್ಪಿದರು. ಅವರ ಕಲಾ ನಿರ್ದೇಶಕರು ಯಶವಂತ, ಮೈಸೂರಿನವರು. ಪಡಸಾಲೆಯಲ್ಲಿ ನಿಂತು ಸುತ್ತ ನೋಡಿ, "ಇಂಥದ್ದು ಸೆಟ್ ಹಾಕಿದರೆ ಸಿಗಲ್ಲ. ಏನೂ ಮುಟ್ಟಬೇಡಿ, ಹೀಗೇ ಇರಲಿ" ಎಂದು ಹೇಳಿ ಹೋದರು.

ನನ್ನ ಅವ್ವ ಸುಮಂಗಲಾ ಅದನ್ನು ಬರೀ ಮರ್ಯಾದೆಯ ಮಾತು ಎಂದುಕೊಂಡಳು. "ಊಟಕ್ಕ ಕರದ್ರ ಬ್ಯಾಡ ಬ್ಯಾಡ ಅಂತಾರಲ್ಲ, ಹಂಗ ಅದು. ಇಡೀ ಕರ್ನಾಟಕ ನಮ್ಮ ಮನಿ ನೋಡ್ತೈತಿ. ಪಿಂಕಿ, ಪೊರಕಿ ತಗೋ."

ಇಂಟರ್ ಮೊದಲ ವರ್ಷದಲ್ಲೇ ಕಾಲೇಜು ಬಿಟ್ಟು ಮನೆಯಲ್ಲಿರುವವಳು ನಾನೊಬ್ಬಳೇ. ಆದ್ದರಿಂದ ಸ್ವಚ್ಛತಾ ಖಾತೆ ನನಗೆ ಬಂತು.

ಪಡಸಾಲೆಯ ಕಿಟಕಿಯ ಪಕ್ಕ, ಕೂತವರ ತಲೆಯ ಎತ್ತರಕ್ಕೆ, ತಟ್ಟೆಯಗಲದ ಒಂದು ಎಣ್ಣೆಗಲೆ ಇತ್ತು. ಅಜ್ಜ ಕೊಬ್ಬರಿ ಎಣ್ಣೆ ಹಚ್ಚಿದ ತಲೆಯನ್ನು ನಲವತ್ತು ವರ್ಷ ಅಲ್ಲಿ ಒರಗಿಸಿ ಪೇಪರ್ ಓದಿದ್ದರು. ಅವರು ಹೋಗಿ ಆರು ವರ್ಷವಾಯಿತು. ಆಮೇಲೆ ಎರಡು ಸಲ ಮನೆಗೆ ಬಣ್ಣ ಹೊಡೆಸಿದರೂ ಅಷ್ಟು ಜಾಗ ಮಾತ್ರ ಹಾಗೇ ಉಳಿದಿತ್ತು. (ಬಣ್ಣದವರ ಸೋಮಾರಿತನ ಎಂದು ನಾನು ತಿಳಿದಿದ್ದೆ.) ಸೋಡಾ ಹಾಕಿ ತಿಕ್ಕಿದೆ. ಒಣಗಲು ಬಿಟ್ಟೆ. ಗೋಡೆಗೆ ಹೊಂದುವ ಬಣ್ಣಕ್ಕಾಗಿ ಕೋಠಿ ಬಜಾರಿನವರೆಗೂ ಹೋಗಿ ಬಂದು ಎರಡು ಸಲ ಬಳಿದೆ. ಎಲ್ಲಿತ್ತೆಂದು ನನಗೇ ತಿಳಿಯದಂತಾಯಿತು.

ಸಂಜೆ ಅಜ್ಜಿ ಸಾವಿತ್ರಿಬಾಯಿ ದಿಲ್‌ಸುಖ್‌ನಗರದ ನೆಂಟರ ಮನೆಯಿಂದ ಬಂದು ಗೋಡೆಯ ಮುಂದೆ ನಿಂತರು.

"ಯಾರ ಕೆಲಸ ಇದು?"

"ನಂದ, ಅಜ್ಜಿ" ಎಂದೆ, ನಾಚಿಕೊಂಡು, ಹೊಗಳಿಕೆಗೆ ತಯಾರಾಗಿ.

ಅಜ್ಜಿ ತಿರುಗಿ ಒಳಗೆ ಹೋದರು. ಅಂದಿನಿಂದ ನನ್ನೊಂದಿಗೆ ಮಾತಿಲ್ಲ. ನಾನೇ ಎದುರಿಗೆ ನಿಂತು ಬಡಿಸುತ್ತಿದ್ದರೂ, "ಸುಮಂಗಲಾ, ಆಕಿಗೆ ಹೇಳು, ಅನ್ನ ಸಾಕಂತ" ಎನ್ನುತ್ತಿದ್ದರು.

ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ಬಣ್ಣದವರಿಗೆ ಆ ಜಾಗ ಬಿಡ್ರಿ ಅಂದಾಕಿ ನಿಮ್ಮಜ್ಜಿನ. ಆಕಿ ದಿನಾ ಯಾ ಕಡೆ ಮಾರಿ ಮಾಡಿ ಚಾ ಕುಡೀತಿದ್ಳು, ನೀ ನೋಡೇ ಇಲ್ಲೇನು?"

ನೋಡಿದ್ದೆ. ಕಿಟಕಿಯ ಗಾಳಿಗೆ ಎಂದುಕೊಂಡಿದ್ದೆ.

ಐದನೆಯ ದಿನ ಯಶವಂತ ಬಂದರು. ಗೋಡೆ ನೋಡಿ ನೆಲದ ಮೇಲೇ ಕೂತುಬಿಟ್ಟರು.

"ಕಲೆ ಎಲ್ಲಮ್ಮ?"

"ತೆಗೆದೆ, ಸರ್."

"ಮನೆ ಒಪ್ಪಿದ್ದೇ ಅದಕ್ಕೆ. ಸೋಫಾ, ಪಾತ್ರೆ, ದೇವರ ಪಟ ಎಲ್ಲ ಬಾಡಿಗೆಗೆ ಸಿಗುತ್ತೆ. ಒಬ್ಬರು ಒಂದೇ ಜಾಗದಲ್ಲಿ ನಲವತ್ತು ವರ್ಷ ಕೂತಿದ್ದರು ಅನ್ನೋದು ಎಲ್ಲಿ ಸಿಗುತ್ತೆ? ಅದೊಂದು ನಿಜ ಇದ್ದರೆ ನೋಡೋರು ನಮ್ಮ ಉಳಿದ ಸುಳ್ಳನ್ನೆಲ್ಲ ನಂಬ್ತಾರೆ."

ಅವರೇ ಎಣ್ಣೆಗೆ ಬಣ್ಣ ಕಲಸಿ ಕುಂಚದಿಂದ ಒಂದು ಕಲೆ ಬರೆದರು. ಅಜ್ಜಿ ಬಾಗಿಲಿಂದ ಇಣುಕಿ, "ಅದು ತಲಿ ಅಲ್ಲೋ ತಮ್ಮಾ, ಬದನಿಕಾಯಿ" ಎಂದರು.

ಯಶವಂತ ಅದನ್ನು ಒರೆಸಿ ಹಾಕಿದರು. "ಹಾಗಾದರೆ ನಿಜವಾದ ತಲೆಯೇ ಬೇಕಮ್ಮ. ಷೂಟಿಂಗ್‌ಗೆ ಇನ್ನೂ ಹದಿನೈದು ದಿನ ಇದೆ."

ಎಲ್ಲರೂ ನನ್ನ ತಲೆಯನ್ನು ನೋಡಿದರು.

ಮರುದಿನದಿಂದ ತಲೆಗೆ ಎಣ್ಣೆ ಸುರಿದುಕೊಂಡು, ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು, ಗೋಡೆಗೆ ಒರಗುವುದೇ ನನ್ನ ಕಾಯಕ. ಅಜ್ಜನಿಗಿಂತ ನಾನು ಗಿಡ್ಡ. ಅಳೆದು ನೋಡಿ ಇಂಟರ್‌ನ ಎರಡು ಭೌತಶಾಸ್ತ್ರ ಪುಸ್ತಕಗಳ ಮೇಲೆ ಕೂತೆ. (ಅವು ನನ್ನನ್ನು ಮೇಲಕ್ಕೆತ್ತಿದ್ದು ಅದೇ ಮೊದಲು.)

ಮೂರನೆಯ ದಿನ ಅಜ್ಜಿಗೆ ತಡೆಯಲಾಗಲಿಲ್ಲ. "ಹಂಗ ನೆಟ್ಟಗ ಕೂಡತಿದ್ದಿಲ್ಲ ಅವರು. ಜರಾ ಬಲಕ್ಕ ವಾಲು."

ನನ್ನೊಂದಿಗೇ ಆಡಿದ ಮಾತು. ನಾನು ಉಸಿರು ಹಿಡಿದು ವಾಲಿದೆ. "ಬಲಕ್ಕ ಯಾಕ, ಅಜ್ಜಿ?"

"ಎಡಗಿವಿ ಮಂದ. ಬಲಗಿವಿ ಅಡಿಗಿಮನಿ ಕಡೆ ಇರಬೇಕು, ನಾ ಏನ್ ಬೈತೀನಿ ಕೇಳಾಕ."

"ಕೇಳಿ ಏನಂತಿದ್ರು?"

"ಏನಿಲ್ಲ. ಪೇಪರ್ ಅಲುಗಾಡತಿತ್ತು. ನಗಾಕತ್ಯಾರ ಅಂತ ನಂಗ ತಿಳೀತಿತ್ತು." ಅಜ್ಜಿ ಚಹದ ಬಟ್ಟಲು ಹಿಡಿದು ಎದುರಿಗೇ ಕೂತರು. "ಒಮ್ಮೆ ಗೋಡಿ ಉಳೀಲಿ ಅಂತ ಅಲ್ಲಿ ಪೇಪರ್ ಅಂಟಿಸಿದೆ. ಮುಂಜಾನಿ ಒರಗಿ ಕೂತವರು ಹಂಗ ಎದ್ದು ಸಿಕಂದರಾಬಾದ್ ಆಫೀಸಿಗೆ ಹೋದ್ರು. ತಲಿ ಹಿಂದಿನ ಬೋಳಿನ ಮ್ಯಾಲ ಸುದ್ದಿ ಮೂಡಿತ್ತು. ಬಸ್ಸಿನ್ಯಾಗ ಹಿಂದಿನ ಸೀಟಿನಾಂವ ಪೂರಾ ಓದಿದ್ನಂತ."

"ಅಕ್ಷರ ತಿರುವಾಗಿ ಮೂಡತಾವಲ್ಲ ಅಜ್ಜಿ?" ನಾನು ಇಂಥದ್ದನ್ನು ಸುಮ್ಮನೆ ಬಿಡುವವಳಲ್ಲ.

"ಬಲಗಡೆಯಿಂದ ಓದಿದ. ಉರ್ದು ಬಲ್ಲವರಿಗೆ ಏನ್ ತ್ರಾಸ ಐತಿ?"

ಹೀಗೆ ದಿನಕ್ಕೊಂದು ಅಜ್ಜನ ಕಥೆ. ಕಲೆ ಗಾಢವಾಗುತ್ತ ಹೋಯಿತು. ಕೊನೆಗೆ ಯಶವಂತ ಬಂದು ನೋಡಿ ಕೈ ಮುಗಿದರು. ನನಗೋ ಗೋಡೆಗೋ ತಿಳಿಯಲಿಲ್ಲ.

ಷೂಟಿಂಗ್ ದಿನ ನಿರ್ದೇಶಕರು ಕ್ಯಾಮೆರಾದಲ್ಲಿ ನೋಡಿದರು. "ಕಲೆ ಅದ್ಭುತವಾಗಿದೆ. ಆದರೆ ಅತ್ತೆ ಪಾತ್ರದವರ ಮುಖ ಬಿಟ್ಟು ಕಣ್ಣು ಅಲ್ಲಿಗೇ ಹೋಗುತ್ತೆ. ಮೇಲೊಂದು ಕ್ಯಾಲೆಂಡರ್ ನೇತುಹಾಕಿ."

ಹದಿನೈದು ದಿನದ ನನ್ನ ತಪಸ್ಸು ಕ್ಯಾಲೆಂಡರಿನ ಹಿಂದೆ ಹೋಯಿತು. ಮತ್ತೆ ಮಾತು ನಿಲ್ಲುತ್ತದೆಯೋ ಎಂದು ಹೆದರಿ ಅಜ್ಜಿಯ ಕಡೆ ನೋಡಿದೆ.

"ಇರಲಿ ಬಿಡು" ಎಂದರು ಅಜ್ಜಿ. "ಅವರೂ ಹಂಗ. ಫೋಟೊ ತೆಗಿಯೂ ಹೊತ್ತಿಗೆ ಎದ್ದು ಒಳಗ ಹೋಗತಿದ್ರು."

ಧಾರಾವಾಹಿಯವರು ಕ್ಯಾಲೆಂಡರ್ ಸಮೇತ ಹೋದ ಮರುದಿನ ನಾನು ಸೀಗೆಕಾಯಿ ಹಾಕಿ ಮೂರು ಸಲ ತಲೆ ತೊಳೆದುಕೊಂಡು, ಮನುಷ್ಯರಂತೆ ಕುರ್ಚಿಯ ಮೇಲೆ ಕೂತೆ. ಸಂಜೆ ಅಜ್ಜಿ ಎಣ್ಣೆಯ ಬಟ್ಟಲು ಹಿಡಿದು ಬಂದರು.

"ಷೂಟಿಂಗ್ ಮುಗೀತಲ್ಲ, ಅಜ್ಜಿ."

"ಅವರದು ಮುಗೀತು. ಗೋಡಿ ಮ್ಯಾಲ ಬಲಗಡೆ ಇನ್ನಾ ತೆಳ್ಳಗೈತಿ. ಏಳು."

ಎದ್ದೆ. ಪುಸ್ತಕಗಳನ್ನು ಹಾಕಿಕೊಂಡು ಒರಗಿ ಕೂತೆ. ಅಪ್ಪ ಆಗ ಮಿಯಾಪುರದ ಅತ್ತೆಯೊಂದಿಗೆ ಫೋನಿನಲ್ಲಿದ್ದರು. ನನ್ನನ್ನೊಮ್ಮೆ ನೋಡಿ, ಧ್ವನಿ ಇಳಿಸದೆ ಹೇಳಿದರು:

"ಪಿಂಕಿದು ಚಿಂತಿ ಬ್ಯಾಡ ಅಕ್ಕಾ. ಕಾಲೇಜು ಹೋದ್ರ ಹೋತು, ಕೆಲಸ ಸಿಕ್ಕೈತಿ. ಕೂತು ಮಾಡೂದು. ನಲವತ್ತು ವರ್ಷ ಯಾರೂ ತೆಗಿಯೂದಿಲ್ಲ."