ಮಾವನವರ ಗಾಣದ ದಿಂಡು

ಲೇಥಿನ ರೋಗ ಕಂಡುಹಿಡಿಯುವುದರಲ್ಲಿ ನನ್ನಂಥ ವೈದ್ಯ ಗೋಕಾಕದಲ್ಲೇ ಇಲ್ಲ ಎಂಬುದು ಆಗ ನನ್ನ ದೃಢ ನಂಬಿಕೆ. ನಮ್ಮ ಓಣಿಯಲ್ಲಿ ಕಬ್ಬಿಣ ಕಡೆಯುವ ಯಂತ್ರವೆಂದರೆ ಇದ್ದದ್ದೇ ಒಂದು ಲೇಥ್, ಅದೂ ನನ್ನದು. ಹೀಗಾಗಿ ಎದುರಾಡುವವರು ಯಾರೂ ಇರಲಿಲ್ಲ. ನಾನು ಕೊಳ್ಳುವ ಹೊತ್ತಿಗೇ ಅದಕ್ಕೆ ವಯಸ್ಸಾಗಿತ್ತು. ಎಣ್ಣೆ ಎಂಜಿನ್ನಿನ ಪಟ್ಟಾ ಹಾಕಿದರೆ ಮೊದಲು ಕೆಮ್ಮಿ, ಕ್ಯಾಕರಿಸಿ, ಆಮೇಲೆ ತಿರುಗುತ್ತಿತ್ತು. ಅದರ ಮೇಲೆ ನನಗೆ ವಿಪರೀತ ಪ್ರೀತಿ.

ಮೂಡಲಗಿಯ ನಮ್ಮ ಮಾವನವರಿಗೆ ಮಾತ್ರ ಅದನ್ನು ಕಂಡರಾಗದು. "ಅದನ್ನ ಹಳೇ ಕಬ್ಬಿಣಂತ ಮೋಡಕಾಕ್ಕ ತೂಗಿ ಹಾಕ್ರಿ ಅಳಿಯಾರ. ನಮ್ಮ ಹೊಲಕ್ಕ ಬಂದು ಕಬ್ಬು ನೋಡಕೋತ ಆರಾಮ ಇರ್ರಿ," ಎಂದು ಬಂದಾಗಲೆಲ್ಲ ಹೇಳುತ್ತಿದ್ದರು.

ಅಂಥವರು ಒಂದು ಮುಂಜಾನೆ ಚಕ್ಕಡಿಯಲ್ಲಿ ದಪ್ಪನೆಯ ಕಬ್ಬಿಣದ ದಿಂಡು ಹೇರಿಕೊಂಡು ಬಂದಿಳಿದರು. ಅವರ ಗಾಣದಲ್ಲಿ ಕಬ್ಬು ಹಿಂಡುವ ಹಳೆಯ ದಿಂಡು ಸವೆದಿತ್ತು. ಅದನ್ನೂ ಅಳತೆಗೆಂದು ತಂದಿದ್ದರು.

"ಸಂಜೀಕ ಹೊಸಾದು ಕಡದ ಕೊಟ್ರ ನಿಮ್ಮ ಮಷೀನ ಖರೆ ಅಂತೀನಿ. ಆಗಲಿಲ್ಲಂದ್ರ ಅದನ್ನ ಮಾರಿ ನೀವು ನನ್ನ ಕೂಡ ಮೂಡಲಗಿಗೆ ಬರೂದು!"

ಯುದ್ಧದ ಕಾಲ, ಕಬ್ಬಿಣ ಸಿಗುವುದೇ ಕಷ್ಟ. ಆದರೂ ನಾನು ನಗುನಗುತ್ತ ಒಪ್ಪಿದೆ.

ಅರ್ಧ ದಿಂಡನ್ನು ಚೊಕ್ಕವಾಗಿ ಕಡೆದೆ. ಉಳಿದರ್ಧಕ್ಕಾಗಿ ಹೊರಳಿಸಿ, ಹಲ್ಲಿನಲ್ಲಿ ಕಚ್ಚಿ ಹಿಡಿಯುವ 'ಚಕ್' ಎಂಬ ಭಾಗಕ್ಕೆ ಕೊಟ್ಟು ತಿರುಗಿಸಿದರೆ, ಆಗಷ್ಟೇ ಕಡೆದ ಭಾಗವೇ ಓಲಾಡತೊಡಗಿತು! ತಿರುಗುವ ದಿಂಡಿಗೆ ಸೀಮೆಸುಣ್ಣ ತಾಗಿಸಿ ನೋಡಿದೆ. ಸುತ್ತಲೂ ಗೆರೆ ಬೀಳಬೇಕಾದಲ್ಲಿ ಒಂದೇ ಮಗ್ಗುಲಿಗೆ ಗೀಟು ಬಿತ್ತು.

"ನಿಮ್ಮ ಕಬ್ಬಿಣನ ಸೊಟ್ಟ ಐತ್ರಿ ಮಾವಾರ," ಎಂದು ತೀರ್ಪು ಕೊಟ್ಟು, ಸೊಟ್ಟ ತೆಗೆಯಲು ಒಂದು ಸುತ್ತು ಕಡೆದೆ. ಹೊರಳಿಸಿದೆ. ಮತ್ತೆ ಓಲಾಟ! ಹಾಗಾದರೆ ಚಕ್ಕನ್ನು ತಿರುಗಿಸುವ ಸ್ಪಿಂಡಲ್ಲಿನ ಬೇರಿಂಗ್ ಸಡಿಲಾಗಿರಬೇಕು. ಬಿಗಿದೆ. ಹೊಗೆ ಬಂತು! ಗಾಬರಿಯಿಂದ ಸಡಿಲಿಸಿ, ಪರೀಕ್ಷಾರ್ಥವಾಗಿ ಇನ್ನೊಂದು ಸುತ್ತು ಕಡೆದೆ. ಲೇಥಿನ ಕಾಲ ಕೆಳಗೆ ನೆಲವೇ ಕುಸಿದಿದೆಯೆಂದು ಗಂಭೀರವಾಗಿ ಆಲೋಚಿಸಿ ಬೆಣೆ ಬಡಿದೆ, ಮತ್ತೊಂದು ಸುತ್ತು ಕಡೆದೆ. ಮಾವನವರು ಕಟ್ಟೆಯ ಮೇಲೆ ಎಲೆಅಡಿಕೆ ಜಗಿಯುತ್ತ ನೋಡುತ್ತಿದ್ದರು.

ಊಟಕ್ಕೆ ಕರೆಯಲು ಬಂದ ನನ್ನ ಹೆಂಡತಿ ಗಂಗವ್ವ ತುಸು ಹೊತ್ತು ನಿಂತು ನೋಡಿದಳು.

"ಏನ್ರಿ, ದಸರಾದಾಗ ಖಂಡೇ ಪೂಜಿ ದಿನ ಆ ಚಕ್ಕ ಬಿಚ್ಚಿ, ಅದರ ಹಿಂದ ದಪ್ಪಗ ವಿಭೂತಿ ಬಡದಿದ್ರಲ್ಲ, ಅದನ್ನ ಒರಸೀರಿಲ್ಲೊ?"

"ಹಚ್ಚಿದ ವಿಭೂತಿ ಯಾರರೆ ಒರಸ್ತಾರೇನ?" ಎಂದು ಗದರಿದೆ. ಗದರುತ್ತಿರುವಾಗಲೇ ನೆನಪಾಯಿತು. ಪೂಜೆಯ ನಂತರ ಇದೇ ಮೊದಲ ಕೆಲಸ!

ಚಕ್ ಬಿಚ್ಚಿದೆ. ಸ್ಪಿಂಡಲ್ಲಿನ ಮೂತಿಯ ಒಂದು ಕಡೆ, ಎಣ್ಣೆ ಕುಡಿದ ವಿಭೂತಿ ಗಾರೆಯಂತೆ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಚಕ್ ಓರೆಯಾಗಿ ಕೂತಿತ್ತು. ಯಂತ್ರದ ಹೊರಗೆ ಹಚ್ಚಿದರೆ ಸಾಲದೆಂದು ಒಳಗೂ ಹಚ್ಚಿದ ಪರಮಭಕ್ತ ನಾನೇ. ಕೈಮುಗಿದು, ತಪ್ಪಾಯಿತೆಂದು ಹೇಳಿ, ಕೆರೆದು ತೆಗೆದೆ.

ಓಲಾಟ ಮಾಯ! ಸೀಮೆಸುಣ್ಣ ಸುತ್ತಲೂ ಎಳೆಯಂಥ ಗೆರೆ ಬಿಡಿಸಿತು. ಕೊನೆಯ ಸುತ್ತು ಕಡೆದು, ಫಳಫಳ ಹೊಳೆಯುವ ದಿಂಡನ್ನು ಮಾವನವರ ಮುಂದಿಟ್ಟೆ. ಅವರು ಬೆರಳಾಡಿಸಿ ನೋಡಿದರು.

"ಎಳ್ಳಷ್ಟೂ ಸೊಟ್ಟ ಇಲ್ರಿ. ಭಾಳ ಚಲೋ ಆಗೇತಿ."

ನಾನು ಉಬ್ಬಿಹೋದೆ. ಅವರು ಹಳೆಯ ದಿಂಡನ್ನು ಅದರ ಪಕ್ಕಕ್ಕೆ ಇಟ್ಟರು. ಸುತ್ತು ಸುತ್ತು ಕಡೆದ ಹೊಸದಕ್ಕಿಂತ ಸವೆದದ್ದೇ ದಪ್ಪವಾಗಿತ್ತು!

"ಇರಲಿ ಬಿಡ್ರಿ," ಎಂದರು ಮೆತ್ತಗೆ. "ಹಳೇದು ಇನ್ನೊಂದ ವರ್ಷ ಹೆಂಗರೆ ನಡೀತೈತಿ. ಇದು ಎತ್ತು ಕಟ್ಟಾಕ ಗೂಟ ಆಗ್ತೈತಿ."

ಕೊಟ್ಟ ಮಾತಿಗೆ ತಪ್ಪುವ ಮನುಷ್ಯ ನಾನಲ್ಲ. ಲೇಥಿನ ಬೆನ್ನು ಸವರಿ, ಕಣ್ಣೊರೆಸಿಕೊಂಡು, ಅಂಗಿ ತೊಟ್ಟು ಚಕ್ಕಡಿ ಹತ್ತಲು ಹೋದೆ. ಮಾವನವರು ಗಾಬರಿಯಿಂದ ಎರಡೂ ಕೈ ಅಡ್ಡ ಹಿಡಿದರು.

"ಬ್ಯಾಡ್ರಿ ಅಳಿಯಾರ, ನಿಮಗ ಕೈಮುಗೀತೀನಿ! ನೀವು ನಿಮ್ಮ ಮಷೀನ ಕೂಡ ಇಲ್ಲೇ ಆರಾಮ ಇರ್ರಿ. ನಮ್ಮ ಕಬ್ಬರೆ ಉಳೀಲಿ!"

ನನ್ನ ಲೇಥ್ ಹೀಗೆ ಉಳಿಯಿತು. ಗೆದ್ದೆ ಎಂದು ಹೇಳಿಕೊಳ್ಳಲು ಮಾತ್ರ ಇಂದಿಗೂ ಬಾಯಿ ಬರುವುದಿಲ್ಲ.