ತಾತನ ಕಾರಿನ ಎಣ್ಣೆ ಡಬ್ಬಿ

ರೇಣುಕಾ, ಸುರೇಶ, ಪುಟ್ಟ ಪದ್ಮಾ, ನಿಮಗೆ ಒಂದು ಸಂಗತಿ ಹೇಳಬೇಕು. ಎದುರಿಗೆ ಕೂತು ಹೇಳಲು ನಾಚಿಕೆಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಭಯವಾದಾಗ ಕೂಗಿಕೊಳ್ಳುವವರು ಕೆಲವರಾದರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುವವರು ಕೆಲವರು. ನಾನು ಎರಡನೆಯ ಪಂಗಡ. ಹಳ್ಳಿಯ ಸ್ಕೂಲಿನಲ್ಲಿ ಮೇಷ್ಟ್ರು ಹಾಜರಿ ಕರೆದರೆ ನನ್ನ ಬದಲು ಪಕ್ಕದ ಹುಡುಗಿ, "ಬಂದವ್ಳೆ ಸಾ" ಅನ್ನುತ್ತಿದ್ದಳು. ಒಂದು ದಿನ ಅವಳು ಬರಲಿಲ್ಲ. ನಾನು ಎದುರಿಗೇ ಕೂತಿದ್ದರೂ ಗೈರುಹಾಜರಿ ಬಿತ್ತು.

ಇಂಥವಳನ್ನು ಚನ್ನರಾಯಪಟ್ಟಣಕ್ಕೆ ಮದುವೆ ಮಾಡಿ ಕೊಟ್ಟರು. ನಿಮ್ಮ ತಾತನಿಗೆ ಅಲ್ಲಿ ತೆಂಗಿನಕಾಯಿ ಮಂಡಿ ಇತ್ತು, ಜೊತೆಗೆ ಒಂದು ಹಳೆಯ ಕಾರು. ಯಾರೋ ಎಸ್ಟೇಟಿನವರು ಸಾಕಪ್ಪಾ ಸಾಕು ಎಂದು ಮಾರಿದ್ದನ್ನು ಇವರು ಬೇಕಪ್ಪಾ ಬೇಕು ಎಂದು ತಂದಿದ್ದರು. ಆಗ ನಮ್ಮ ಕಡೆ ಗಂಡನ ಹೆಸರು ಹೇಳುವ ಹಾಗಿರಲಿಲ್ಲ ಎಂದು ನಿಮಗೆ ಗೊತ್ತು. ನಮ್ಮ ಮನೆಯಲ್ಲಿ ಅದರ ಮೇಲೆ ಇನ್ನೊಂದು ಕಟ್ಟಳೆ. ಅತ್ತೆ ಎದುರಿಗಿದ್ದರೆ ಸೊಸೆ ಗಂಡನೊಡನೆ ನೇರವಾಗಿ ಮಾತಾಡಬಾರದು. ಸಾರಿಗೆ ಉಪ್ಪು ಸಾಕೇ ಎಂದು ಕೇಳಬೇಕಾದರೂ ಅತ್ತೆಗೆ ಹೇಳಬೇಕು, ಅತ್ತೆ ಮಗನಿಗೆ ಹೇಳಬೇಕು. ಅಷ್ಟರಲ್ಲಿ ಅವರು ಮಜ್ಜಿಗೆಗೆ ಬಂದಿರುತ್ತಿದ್ದರು.

ಆ ಕಾರಿಗೆ ಒಂದು ಕಾಯಿಲೆ. ಎಂಜಿನ್ನಿಗೆ ಉಸಿರು ಬಿಡಲು ಒಂದು ತೂತು ಇರುತ್ತದಂತೆ. ಹೊಸ ಕಾರಾದರೆ ಮೆಲ್ಲಗೆ ಬಿಡುತ್ತದೆ, ಇದು ದಮ್ಮಿನ ಮುದುಕನ ಹಾಗೆ ಎಣ್ಣೆಯ ಹೊಗೆ ಬಿಡುತ್ತಿತ್ತು. ಹೊಗೆ ಕಾಲಡಿಯ ಹಲಗೆ ಸಂದಿಯಿಂದ ಒಳಕ್ಕೆ ಬರುತ್ತಿತ್ತು, ಎಣ್ಣೆ ನಾನು ಬೆಳಿಗ್ಗೆ ಸಗಣಿ ಹಾಕಿ ಸಾರಿಸಿದ ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು. "ರಂಗೋಲಿ ಮ್ಯಾಲೆ ಎಣ್ಣೆ ಉಯ್ತದಲ್ಲೋ ನಿನ್ನ ಕಾರು, ಶನಿ ಕಣ್ಲಾ ಅದು" ಎಂದು ಅತ್ತೆ ದಿನವೂ ಶಾಪ ಹಾಕುವರು. ಅಷ್ಟರಲ್ಲಿ ನಿಮ್ಮ ಅಪ್ಪ ನನ್ನ ಹೊಟ್ಟೆಯಲ್ಲಿದ್ದ. ಸೀಮಂತವಾಗಿತ್ತು. ನನ್ನನ್ನು ಕರೆದುಕೊಂಡು ಹೋಗಲು ಬರಬೇಕಾಗಿದ್ದ ಅಣ್ಣನಿಗೆ ಮೈ ಸರಿಯಿಲ್ಲದ್ದರಿಂದ ಅರಕಲಗೂಡಿನ ತವರಿಗೆ ಕಾರಿನಲ್ಲೇ ಬಿಟ್ಟು ಬರುವುದೆಂದಾಯಿತು. ಆ ಹೊಗೆ ಕುಡಿದುಕೊಂಡು ಬಸುರಿ ಅಷ್ಟು ದೂರ ಹೋಗುವುದೆಂತು?

ನಿಮ್ಮ ತಾತ ನನ್ನ ಕಾಫಿಪುಡಿ ಡಬ್ಬಿ ಎತ್ತಿಕೊಂಡು ಹೋದರು. ಎಂಜಿನ್ನಿನ ಆ ತೂತಿನಿಂದ ಒಂದು ರಬ್ಬರ್ ಪೈಪು ಎಳೆದು ಬಾನೆಟ್ಟಿನೊಳಗೇ ಕೂರಿಸಿದ ಡಬ್ಬಿಗೆ ಕೊಡುವುದು, ಡಬ್ಬಿಯೊಳಗೆ ತೆಂಗಿನ ನಾರು ತುಂಬುವುದು, ಎಣ್ಣೆ ನಾರಿಗೆ ಹಿಡಿದುಕೊಂಡು ಬರಿಯ ಗಾಳಿ ಮುಚ್ಚಳದ ಸಣ್ಣ ತೂತಿನಿಂದ ಆಚೆಗೆ ಹೋಗುವುದು. ಇದು ಅವರ ಉಪಾಯ. ತೆಂಗಿನ ಮಂಡಿಯವರ ತಲೆಗಲ್ಲದೆ ಬೇರೆ ಯಾರ ತಲೆಗೆ ಹೊಳೆದೀತು! ಆದರೆ ಪೈಪು ಎಳೆಯುವುದೇ ಕಷ್ಟದ ಕೆಲಸ. ಮೊದಲ ಸಲ ಅದು ತೊಟ್ಟಿಲ ಹಗ್ಗದ ಹಾಗೆ ನಡುವೆ ಜೋತುಬಿತ್ತು. ಜೋತುಬಿದ್ದಲ್ಲಿ ಎಣ್ಣೆ ನಿಂತು ಹುಕ್ಕಾದ ಹಾಗೆ ಗುಳುಗುಳು ಎಂದಿತು. ಇವರು ಬಾಯಿಟ್ಟು ಊದಿದರು. ಎಣ್ಣೆ ಡಬ್ಬಿಗೆ ಹೋಗುವ ಬದಲು ಅವರ ಮೀಸೆಗೆ ಬಂತು. ಆಮೇಲೆ ಬಿಗಿಯಾಗಿ, ಅಡ್ಡದಾರಿಯಲ್ಲಿ ಎಳೆದು ಹುರಿಯಿಂದ ಕಟ್ಟಿದರು. ಆ ಅಡ್ಡದಾರಿ ಎಂಜಿನ್ನಿನ ಕಾದ ಹೊಗೆಕೊಳವೆಯ ಮೇಲುಗಡೆಯೇ ಹಾಯುತ್ತಿತ್ತು. ಅಡಿಗೆಮನೆಯ ಕಿಟಕಿಯಿಂದ ನೋಡಿದೆ. ಹುರಿ ಸಡಿಲವಾದರೆ? ಎಂಬ ಮಾತು ಗಂಟಲಿಗೆ ಬಂತು. ಅತ್ತೆ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ಮಾತು ಹಿಂದಕ್ಕೆ ಹೋಯಿತು.

ಹೊರಟೆವು. ಹಿಂದುಗಡೆ ನಾನು ಮತ್ತು ಅತ್ತೆ, ಮುಂದೆ ಇವರು. ಹೊಗೆಯೇನೋ ಇರಲಿಲ್ಲ. ಆದರೆ ನನಗೆ ಸಮಾಧಾನವೂ ಇರಲಿಲ್ಲ. ರಸ್ತೆಯ ಒಂದೊಂದು ಗುಂಡಿಗೂ, ಆ ಹುರಿ ಈಗ ಬಿಚ್ಚಿತು, ಈಗ ಬಿಚ್ಚಿತು ಎಂದು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಶಾಂತಿಗ್ರಾಮ ಇನ್ನೂ ಸ್ವಲ್ಪ ದೂರ ಇರುವಾಗ ಮೂಗಿಗೆ ಬಡಿಯಿತು, ರಬ್ಬರು ಸುಟ್ಟ ವಾಸನೆ.

"ಅತ್ತೆ, ರಬ್ಬರು ಸುಟ್ಟಂಗೆ ವಾಸ್ನೆ ಬತ್ತಾ ಐತೆ ಅಂತ ಏಳಿ" ಎಂದೆ, ಮೆತ್ತಗೆ.

"ಲೇ, ನಿನ್ನ ಎಂಡ್ತಿ ಏನೋ ವಾಸ್ನೆ ಅಂತಾವ್ಳೆ ಕಣ್ಲಾ."

"ಬಸ್ರೀಗೆ ಎಲ್ಲಾನೂ ವಾಸ್ನೇನೇ ಕಣವ್ವ. ನಿನ್ನೆ ಸೋಪಿನ ವಾಸ್ನೆ ಆಗಕ್ಕಿಲ್ಲ ಅಂದ್ಲಂತೆ. ಕಿಟಕಿ ತೆಗ್ದು ಕೂತ್ಕೊಳಕ್ಕೆ ಏಳು."

ಅತ್ತೆ ನನ್ನ ಕಡೆ ತಿರುಗಿ, "ಕಿಟಕಿ ತೆಗಿಬೇಕಂತೆ" ಎಂದರು. ಅಂಗೈಯಗಲದಷ್ಟು ಹತ್ತಿರದಲ್ಲಿ ಕೂತು ಇವರು ಹೇಳಿದ್ದನ್ನು ನಾನು ಕೇಳಿಸಿಕೊಂಡೇ ಇಲ್ಲವೆಂಬಂತೆ ತಲೆಯಾಡಿಸಿದೆ. ಕಿಟಕಿ ತೆಗೆದೆ. ವಾಸನೆ ಹೆಚ್ಚಾಯಿತು.

"ಅತ್ತೆ, ಆ ಪೈಪು..."

"ಉಳಿ ತಿನ್ನಂಗಾಗಿರ್ಬೇಕು, ತಕ್ಕೊ" ಎಂದು ಅತ್ತೆ ಸೆರಗಿನ ಗಂಟು ಬಿಚ್ಚಿ ಒಂದು ಚೂರು ಹುಣಸೆಹಣ್ಣು ಕೈಗೆ ಕೊಟ್ಟರು. ಕೊಟ್ಟದ್ದನ್ನು ಬೇಡ ಅನ್ನಲು ನನ್ನಿಂದಾದೀತೆ? ಬಾಯಿಗೆ ಹಾಕಿಕೊಂಡೆ. ಎಣ್ಣೆಯಲ್ಲಿ ನೆಂದ ನಾರು, ಅದರ ಪಕ್ಕದಲ್ಲಿ ಬೆಂಕಿ, ಹಿಂದೆ ನಾನು, ನನ್ನೊಳಗೆ ನಿಮ್ಮ ಅಪ್ಪ. ಇಷ್ಟನ್ನೂ ಯೋಚಿಸುತ್ತಾ ಹುಣಸೆಹಣ್ಣು ಚೀಪುತ್ತಾ ಕೂತ ಪೆದ್ದಿ ನಾನೊಬ್ಬಳೇ ಇರಬೇಕು.

ಅಷ್ಟರಲ್ಲಿ ಬಾನೆಟ್ಟಿನ ಅಂಚಿನಿಂದ ಕಪ್ಪು ಹೊಗೆಯ ಎಳೆ ಎದ್ದಿತು. ಆಗ ಕಾರಿನೊಳಗೆ ಯಾರೋ ಕೂಗಿಕೊಂಡರು.

"ನಿಲ್ಸಿ ಕಾರು! ಪೈಪು ಸುಡ್ತಾ ಐತೆ, ಕಣ್ಣು ಕಾಣಾಕಿಲ್ವಾ ನಿಮ್ಗೆ!"

ಕೂಗಿದವರು ಯಾರೆಂದು ಮೂವರೂ ತಿರುಗಿ ನೋಡಿದೆವು, ನಾನೂ ನೋಡಿದೆ. ನನ್ನ ಬಾಯಿಂದ ಹುಣಸೆಬೀಜ ಹಾರಿಹೋಗಿ ನಿಮ್ಮ ತಾತನ ಕತ್ತಿನ ಹಿಂದೆ ಅಂಟಿಕೊಂಡಿತ್ತು.

ಕಾರು ನಿಂತಿತು. ಬಾನೆಟ್ ಎತ್ತಿದರೆ ಹುರಿ ಬಿಚ್ಚಿ ಪೈಪು ಕಾದ ಕೊಳವೆಯ ಮೇಲೆ ಮಲಗಿತ್ತು. ಡಬ್ಬಿಯ ನಾರಿನ ಅಂಚು ಕೆಂಪಗೆ ಹೊಗೆಯಾಡುತ್ತಿತ್ತು. ಇವರು ಎರಡು ಬೊಗಸೆ ಮಣ್ಣು ಸುರಿದು ಆರಿಸಿದರು. ಆಮೇಲೆ ಸುಟ್ಟ ತುದಿ ಕೊಯ್ದು ಪೈಪನ್ನು ಮತ್ತೆ ಅದೇ ಅಡ್ಡದಾರಿಗೆ ತಂದರು. ಒಮ್ಮೆ ಒಡೆದ ಮಾತಿನ ಕಟ್ಟೆ ನಿಲ್ಲುತ್ತದೆಯೇ?

"ಅಲ್ಲಿ ಬ್ಯಾಡ. ಆ ಕಡೆ ತಣ್ಣಗಿರೋ ತಗಡಿನ ಗೋಡೆ ಮಗ್ಗುಲಾಗೆ ತನ್ನಿ. ಜೋತು ಬೀಳಬಾರ್ದು, ಮ್ವಾರಿ ನೀರು ಅರ್ದಂಗೆ ಇಳಿಜಾರಾಗಿರ್ಲಿ" ಎಂದೆ. ತವರಿಗೆಂದು ತಂದಿದ್ದ ಕಾಯಿಬುಟ್ಟಿಯ ಹಿಡಿಗೆ ಸುತ್ತಿದ್ದ ತಂತಿ ಬಿಚ್ಚಿ ಕೊಟ್ಟೆ. ನಾನು ಹೇಳಿದ ಹಾಗೆಯೇ ನಿಮ್ಮ ತಾತ ಕಟ್ಟಿದರು. ಅತ್ತೆ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ಇಬ್ಬರನ್ನೂ ನೋಡುತ್ತಿದ್ದರು. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ನನಗೆ ಬೆಂಕಿಗಿಂತ ಅದರದ್ದೇ ಹೆದರಿಕೆ.

"ಇಷ್ಟು ದಿನ ಈ ಬಾಯ್ನ ಎಲ್ಲಿ ಕಟ್ಟಿ ಮಡಗಿದ್ದೆ ಕಣಮ್ಮಿ?" ಎಂದರು ಅತ್ತೆ, ಅಷ್ಟೆ.

ಹಾಸನ ದಾಟಿ ಅರಕಲಗೂಡು ಸೇರುವವರೆಗೂ ಪೈಪು ಕದಲಲಿಲ್ಲ. ಅಂದಿನಿಂದ ನಾನು ಧೈರ್ಯವಂತೆಯಾದೆ ಎಂದು ನೀವು ತಿಳಿದರೆ ನಿಮ್ಮ ತಪ್ಪು. ತವರಿನ ಹೊಸ್ತಿಲು ದಾಟುತ್ತಲೇ ಬಾಯಿ ಮತ್ತೆ ಮುಚ್ಚಿಕೊಂಡಿತು. ನಿಮ್ಮ ಅಪ್ಪ ಹುಟ್ಟಿ, ಇವರು ನೋಡಲು ಬಂದು ಬಾಗಿಲಲ್ಲಿ ನಿಂತಾಗ, "ಪೈಪು ಸರಿಯಾಗೈತಾ ಅಂತ ಕೇಳವ್ವ" ಎಂದು ನಮ್ಮ ಅವ್ವನ ಕೈಲೇ ಕೇಳಿಸಿದೆ. "ಐತೆ ಅಂತ ಏಳಿ ಅತ್ತೆ" ಎಂದರು ಇವರು, ಮಗುವಿನ ಮುಖ ನೋಡುತ್ತಾ.

ಈಗ ಅವರೂ ಇಲ್ಲ, ನಡುವೆ ನಿಂತು ಮಾತು ದಾಟಿಸುತ್ತಿದ್ದವರೂ ಇಲ್ಲ. ಮಕ್ಕಳೇ, ಈ ಹಾಳೆಗಳನ್ನು ಒಲೆಯ ಹತ್ತಿರ ಇಡದೆ ಜೋಪಾನ ಮಾಡಿ. ಓದಿ ನಗು ಬಂದರೆ ನನ್ನೆದುರಿಗೆ ನಗಬೇಡಿ. ನಕ್ಕೆವು ಎಂದು ನಿಮ್ಮ ಅಮ್ಮನ ಕೈಲಿ ಹೇಳಿ ಕಳಿಸಿದರೆ ಸಾಕು.