ಕಪಾಟಿನ ರುಚಿ

ಪೀನಟ್ ಬಟರ್ ಡಬ್ಬಿಗೆ ಅಂಗಡಿಯವನು ಹೇಳುವುದು ಒಂದು ಬೆಲೆ. ಅದು ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ, ಚೌಕಾಸಿಗೆ ಜಾಗವಿಲ್ಲ. ಡಾಕ್ಟರು ಹೇಳುವುದು ಇನ್ನೊಂದು ಬೆಲೆ: ಒಂದು ಚಮಚ ತಿಂದರೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು, ನಡೆಯಲು ಮಂಡಿ ಒಪ್ಪದಿದ್ದರೆ ತಿನ್ನಬಾರದು. ಹೆಂಡತಿಯ ಬೆಲೆ ಎಲ್ಲಕ್ಕಿಂತ ದುಬಾರಿ. ಒಂದು ಚಮಚಕ್ಕೆ ಒಂದು ವಾರದ ಮೌನ, ಮೇಲೆ ಒಂದು ನಿಟ್ಟುಸಿರು. ಪಾಲಿಶ್ ಮೇಸ್ತ್ರಿ ಮೂರನ್ನೂ ತೂಗಿ ನೋಡಿ, ಮೊದಲನೆಯದನ್ನು ಮಾತ್ರ ಕೊಟ್ಟು ಉಳಿದೆರಡನ್ನು ಯಾರಿಗೂ ಗೊತ್ತಾಗದಂತೆ ನುಂಗಿಬಿಡುವುದೆಂದು ತೀರ್ಮಾನಿಸಿದ್ದ.

ಅವನು ಮರದ ಸಾಮಾನಿನ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸದವನು. ದಿನವೆಲ್ಲ ಕುಕ್ಕರುಗಾಲಲ್ಲಿ ಕೂತು ಮೇಜಿನ ಕಾಲು, ಕುರ್ಚಿಯ ಕಾಲು ಉಜ್ಜಿ ಉಜ್ಜಿ, ಕೊನೆಗೆ ತನ್ನ ಕಾಲೇ ಕೈಕೊಟ್ಟಿತು. ಡಾಕ್ಟರು ಮಂಡಿ ಒತ್ತಿ ನೋಡಿ ಹೇಳಿದರು: "ಈ ಮಂಡಿ ಒಬ್ಬರಿಗೆ ಅಂತ ಮಾಡಿದ್ದು. ನೀವು ಇದರ ಮೇಲೆ ಒಂದೂವರೆ ಜನ ಕೂತಿದೀರಿ. ಅರ್ಧ ಜನ ಇಳೀಬೇಕು."

ಅದೇ ದಿನ ಹೆಂಡತಿ ಅಡುಗೆಮನೆಯಲ್ಲಿ ನಿಂತು ಘೋಷಿಸಿದಳು: "ಇವತ್ತಿಂದ ನೀವು ಬಿಟ್ಟಿದ್ದೆಲ್ಲ ನಾನೂ ಬಿಟ್ಟೆ."

"ನೀನ್ಯಾಕೆ ಬಿಡ್ಬೇಕೇ? ನಿನ್ನ ಮಂಡಿ ಚೆನ್ನಾಗೇ ಇದೆಯಲ್ಲ."

"ನೀವು ಸಪ್ಪೆ ತಿನ್ನೋವಾಗ ನಾನು ಎದುರಿಗೆ ಕೂತು ಸಿಹಿ ತಿನ್ನಲಾ? ಏನ್ರೀ, ನನ್ನ ಏನಂದ್ಕೊಂಡಿದೀರಿ?"

ಅವಳು ಮಡಿಸುವ ಅಳತೆಗೋಲಿನಂಥ ಹೆಂಗಸು. ಇಳಿಸಲು ಮೈಯಲ್ಲಿ ಏನೂ ಇರಲಿಲ್ಲ. ಆದರೂ ಸಕ್ಕರೆಯಿಲ್ಲದ ಟೀಯನ್ನು ಮುಖ ಕಿವಿಚಿಕೊಂಡು ದಿನಾ ಕುಡಿಯುತ್ತಿದ್ದಳು. ಬೈದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ. ಕಿವಿಚಿದ ಆ ಮುಖದ ಮುಂದೆ 'ನಾನು ಕದ್ದು ತಿನ್ನುತ್ತಿದ್ದೇನೆ' ಎಂದು ಹೇಳುವ ಧೈರ್ಯ ಮಾತ್ರ ಅವನಿಗಿರಲಿಲ್ಲ.

ಅವನ ಕಷ್ಟವೂ ಸುಳ್ಳಲ್ಲ. ಹರೆಯದಿಂದ ಸ್ಪಿರಿಟ್ಟು, ವಾರ್ನಿಶ್ ಕುಡಿದ ಮೂಗು ಎಂದೋ ಕೆಲಸ ಬಿಟ್ಟಿತ್ತು. ಮೂಗಿಲ್ಲದ ಬಾಯಿಗೆ ಬೇಯಿಸಿದ ತರಕಾರಿ ಎಂದರೆ ನೆನೆಸಿದ ರಟ್ಟು. ಪೀನಟ್ ಬಟರ್ ಒಂದೇ ನಾಲಿಗೆಗೆ ಅಂಟಿಕೊಂಡು, ಬಂದ ನೆಂಟನ ಹಾಗೆ ಸಾವಕಾಶ ಕೂತು, ಕ್ಷೇಮಸಮಾಚಾರ ವಿಚಾರಿಸಿಯೇ ಒಳಗೆ ಹೋಗುತ್ತಿತ್ತು. ಪಾಲಿಶ್ ಶೆಲ್ಫಿನ ಮೂಲೆಯಲ್ಲಿ ಹಳೆಯದೊಂದು ಪುಟ್ಟಿ ಡಬ್ಬಿ ಇತ್ತು. ಮರದ ತೂತು ಮುಚ್ಚುವ ಪುಟ್ಟಿಗೂ ಇದಕ್ಕೂ ಬಣ್ಣ ಒಂದೇ. ಡಬ್ಬಿಯನ್ನು ಚೆನ್ನಾಗಿ ತೊಳೆದು ಅದರಲ್ಲಿ ತುಂಬಿಟ್ಟ. ಮಧ್ಯಾಹ್ನ ಹೆಂಡತಿ ಊಟ ತಂದುಕೊಟ್ಟು ಹೋದ ಮೇಲೆ, ಎಲ್ಲರೂ ತೂಕಡಿಸುವ ಹೊತ್ತಿಗೆ, ಒಂದು ಚಮಚ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಒಂದು ದಿನ ಬೆಳಗ್ಗೆ ಅವನು ಕೆಲಸಕ್ಕೆ ತುಂಬ ತಡವಾಗಿ ಬಂದ. ಹಿಂದಿನ ದಿನ ಕೆಲಸದ ಗಡಿಬಿಡಿಯಲ್ಲಿ ಆ ಚಮಚ ತಪ್ಪಿಹೋಗಿತ್ತು. ಬಾಕಿ ತೀರಿಸೋಣವೆಂದು ಅತ್ತಿತ್ತ ನೋಡಿ ಡಬ್ಬಿ ತೆಗೆದ. ಒಳಗೆ ಏನೂ ಇಲ್ಲ. ಯಾರೋ ಗೋಡೆಯನ್ನೂ ಬಿಡದೆ ಕೆರೆದು ತೆಗೆದಿದ್ದರು.

"ಅಕ್ಕಾ, ನನ್ನ ಶೆಲ್ಫಿಗೆ ಕೈ ಹಾಕಿದ್ದು ಯಾರು?"

ಕುಶನ್ ಹೊಲಿಯುವ ಅಕ್ಕ ಮಿಶನ್ನಿಂದ ತಲೆ ಎತ್ತಿದಳು. ಕಾರ್ಖಾನೆಯ ಸುದ್ದಿಯನ್ನೆಲ್ಲ ಮೇಸ್ತ್ರಿಯ ಹೆಂಡತಿಗೆ ಬಿಸಿಬಿಸಿಯಾಗಿ ಮುಟ್ಟಿಸುವವಳು ಅವಳೇ.

"ನಿಮ್ಮ ಬಡಗಿ ಭಾವ ಬೆಳಗ್ಗೆ ಅಲ್ಲೇ ತಡಕಾಡ್ತಾ ಇದ್ದ. ಹೆಡ್‌ಮೇಡಂ ಮನೆಗೆ ಪುಸ್ತಕದ ಕಪಾಟು ಕೂರಿಸೋಕೆ ಹೋದ ನೋಡಿ, ಸ್ಕ್ರೂ ತೂತು ಮುಚ್ಚೋಕೆ ಏನೋ ಬೇಕು ಅಂತಿದ್ದ. ಯಾಕೆ, ಏನು ಕಳೀತು?"

"ಏನಿಲ್ಲ."

"ಏನಿಲ್ಲ ಅಂದ್ರೆ ಮುಖ ಯಾಕೆ ಹಾಗೆ ಪಾಲಿಶ್ ಕಾಣದ ಹಲಗೆ ಆಗಿದೆ?"

ಮೇಸ್ತ್ರಿ ಮತ್ತೆ ಶೆಲ್ಫಿನತ್ತ ತಿರುಗಿದ. ನಿಜವಾದ ಪುಟ್ಟಿಯ ಡಬ್ಬಿ ಮುಚ್ಚಳ ಬಿಚ್ಚದೆ ಪಕ್ಕದಲ್ಲೇ ಕೂತಿತ್ತು. ಅಂದಮೇಲೆ ಬಡಗಿ ಕೆರೆದುಕೊಂಡು ಹೋದದ್ದು ಯಾವುದನ್ನು? ಹೆಡ್‌ಮೇಡಂ ಮನೆಯ ಕಪಾಟಿನ ಒಂದೊಂದು ತೂತಿನಲ್ಲೂ ತನ್ನ ಒಂದೊಂದು ಮಧ್ಯಾಹ್ನ ತುಂಬಿಕೊಂಡಿರುವುದು ಅವನ ಕಣ್ಣಿಗೆ ಕಟ್ಟಿತು. ಇನ್ನು ಇರುವೆ ಬರುತ್ತವೆ. ಪುಸ್ತಕಕ್ಕೆ ಎಣ್ಣೆ ಇಳಿಯುತ್ತದೆ. ಮೇಡಂ ಬಡಗಿಯನ್ನು ಕರೆಸುತ್ತಾರೆ. ಬಡಗಿ ಬೇರೆ ಯಾರೂ ಅಲ್ಲ, ಹೆಂಡತಿಯ ಸ್ವಂತ ಅಣ್ಣ. ತಂಗಿಗೆ ಒಂದು ಮಾತು ಹೇಳದೆ ಅವನಿಗೆ ಗುಟುಕು ನೀರೂ ಇಳಿಯದು.

ಮೂಲೆಗೆ ಹೋಗಿ ಫೋನ್ ಮಾಡಿದ. "ಭಾವ, ಆ ಪುಟ್ಟಿ ವಿಷ್ಯ..."

"ಎಲ್ಲಾ ತೂತೂ ಮುಚ್ಚಿ ಆಯ್ತು ಭಾವ!" ಅತ್ತಲಿಂದ ಬಡಗಿ ಕೂಗಿದ. "ಬಣ್ಣ ಹೇಗೆ ಹೊಂದ್ಕೊಂಡಿದೆ ಅಂತೀಯ, ಮೇಡಂ ಕನ್ನಡಕ ಹಾಕ್ಕೊಂಡು ಹುಡುಕಿದ್ರೂ ಸಿಕ್ಕಲಿಲ್ಲ. ನಾಳೆ ನೀನು ಹೋಗಿ ಒಂದು ಕೈ ಪಾಲಿಶ್ ಎಳೆದುಬಿಡು. ನಾನು ಇನ್ನೊಂದು ಮನೆಗೆ ಹೊರಟೆ." ಫೋನ್ ಕಟ್ಟಾಯಿತು.

ನಾಳೆಯವರೆಗೆ ಕಾಯಲು ಇರುವೆಗಳಿಗೇನು ಹುಚ್ಚೇ? ಮೇಸ್ತ್ರಿ ಚೀಲಕ್ಕೆ ಚಾಕು, ಪುಟ್ಟಿ, ಒಂದು ಬಟ್ಟೆ ತುರುಕಿಕೊಂಡು, ಕುಂಟುತ್ತಲೇ ಓಡಿದ.

ಹೆಡ್‌ಮೇಡಂ ಶಾಲೆಯಿಂದ ನಿವೃತ್ತರಾಗಿದ್ದರು. ಅವರ ಕಣ್ಣು ಇನ್ನೂ ಆಗಿರಲಿಲ್ಲ. "ನಾಳೆ ಬರ್ತೀರಿ ಅಂದಿದ್ರಲ್ಲ?"

"ಒಂದು ಸಣ್ಣ ಪರೀಕ್ಷೆ ಬಾಕಿ ಇತ್ತು ಮೇಡಂ. ಈಗ ಮುಗಿಸ್ಕೊಂಡು ಹೋಗಿಬಿಡ್ತೀನಿ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ."

ಇನ್ಯಾವ ಮಾತು ಆಡಿದ್ದರೂ ಅವರು ಒಳಗೆ ಹೋಗುತ್ತಿದ್ದರೋ ಏನೋ. ಪರೀಕ್ಷೆ ಎಂದದ್ದೇ ತಡ, ಅವರ ಬೆನ್ನು ನೆಟ್ಟಗಾಯಿತು. "ಪರೀಕ್ಷೆ ಅಂದ್ಮೇಲೆ ಮೇಲ್ವಿಚಾರಣೆ ಇಲ್ಲದೆ ಹೇಗೆ?" ಎಂದು ಕುರ್ಚಿ ಎಳೆದುಕೊಂಡು ಮೇಸ್ತ್ರಿಯ ಬೆನ್ನ ಹಿಂದೆಯೇ ಕೂತರು.

ಗೋಡೆಗೆ ಆನಿಸಿ ನಿಲ್ಲಿಸಿದ ಕಪಾಟು ಸೊಗಸಾಗಿತ್ತು. ಮೇಸ್ತ್ರಿ ಮಂಡಿಯೂರಿ ಕೆಳಗಿನ ಮೂಲೆಯ ತೂತು ಹುಡುಕಿದ. ಉಗುರಿನಿಂದ ಒತ್ತಿದ. ಮೆತ್ತಗಿತ್ತು. ಬಣ್ಣವೂ ಅದೇ. ಮೂಸಿದ. ಗುಲಾಬಿಗೂ ಗೊಬ್ಬರಕ್ಕೂ ಭೇದ ಎಣಿಸದ ಮೂಗು ಎಂದಿನಂತೆ ಮೌನ ವಹಿಸಿತು. ಇನ್ನು ಉಳಿದದ್ದು ಒಂದೇ ದಾರಿ.

"ಮೇಡಂ, ಕುಡಿಯೋಕೆ ಸ್ವಲ್ಪ ನೀರು ಸಿಕ್ಕುತ್ತಾ?"

"ನಿಮ್ಮ ಪಕ್ಕದಲ್ಲೇ ಇದೆಯಲ್ಲ, ಹೂಜಿ."

ಮೇಸ್ತ್ರಿ ದೇವರ ಮೇಲೆ ಭಾರ ಹಾಕಿ, ತಲೆ ಬಗ್ಗಿಸಿ, ನಾಲಿಗೆಯ ತುದಿ ಚಾಚಿದ.

"ಮೇಸ್ತ್ರಿ!" ಹಿಂದಿನಿಂದ ಇಡೀ ತರಗತಿ ಬೆಚ್ಚುವಂಥ ದನಿ ಬಂತು. "ನೀವು ಈಗ ನನ್ನ ಕಪಾಟು ನೆಕ್ಕಿದ್ರಾ?"

"ಇದು... ಹಳೇ ಕಾಲದ ಪರೀಕ್ಷೆ ಮೇಡಂ. ನಮ್ಮ ಗುರುಗಳು ಕಲಿಸಿದ್ದು. ಕಹಿ ಬಂದ್ರೆ ಮರ ಒಣಗಿದೆ, ಉಪ್ಪುಪ್ಪು ಬಂದ್ರೆ ಹಸಿ."

"ಏನು ಬಂತು?"

ಬಂದದ್ದು ಮರದ ಹೊಟ್ಟು ಮತ್ತು ಅಂಟಿನ ರುಚಿ. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಹಳೆಯ ಬಡಗಿಗಳು ಹಾಗೆಯೇ. ಅದೇ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತೂತಿಗೆ ಮೆತ್ತಿದರೆ ಬಣ್ಣ ತಾನಾಗಿ ಹೊಂದುತ್ತದೆ. ಆದರೆ ಬಂದ ಜೀವ ಅರ್ಧದಲ್ಲೇ ನಿಂತಿತು. ಭಾವ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗುವವನು. ಕಲಸಿದ್ದು ನಡುವೆ ಮುಗಿದಿದ್ದರೆ? ಮೇಲಿನ ತೂತುಗಳಿಗೆ ಡಬ್ಬಿಯಿಂದ ಕೆರೆದು ತಂದದ್ದನ್ನು ಮೆತ್ತಿದ್ದರೆ?

"ಕಹಿ ಮೇಡಂ. ಆದ್ರೆ ಎಲ್ಲಾ ಕಡೆ ನೋಡ್ಬೇಕು."

"ನೋಡ್ಲೇಬೇಕು. ಒಂದು ಪ್ರಶ್ನೆಗೆ ಉತ್ತರ ಬರೆದವನನ್ನ ಪಾಸ್ ಮಾಡೋಕಾಗುತ್ತಾ?"

ಅವನು ಚಾಕುವಿನಿಂದ ಒಂದೊಂದೇ ತೂತು ಕೆದಕಿ, ನಾಲಿಗೆಗೆ ಮುಟ್ಟಿಸುತ್ತ ಮೇಲೇರತೊಡಗಿದ. ಮೇಡಂ ಬೇಲಿಯಾಚೆಯ ಮನೆಯಾಕೆಯನ್ನು ಕೂಗಿದರು. "ಬಾರಮ್ಮ, ಇಲ್ಲೊಬ್ಬ ಅಪರೂಪದ ಮೇಸ್ತ್ರಿ ಬಂದಿದಾರೆ. ಈಗಿನ ಕಾಲದಲ್ಲಿ ಹೀಗೆ ನಿಷ್ಠೆಯಿಂದ ನೆಕ್ಕೋರು ಎಲ್ಲಿ ಸಿಕ್ತಾರೆ?"

ಪಕ್ಕದ ಮನೆಯಾಕೆ ಬರಿಗೈಯಲ್ಲಿ ಬರಲಿಲ್ಲ. ಒಂದು ಸ್ಟೂಲು ಹೊತ್ತು ತಂದಳು. "ಅಣ್ಣಾ, ಇದನ್ನ ಹೋದ ತಿಂಗಳು ತಗೊಂಡ್ವಿ. ಒಳ್ಳೇ ಮರ ಅಂತ ಬಾಯಿ ಬಡ್ಕೊಂಡು ಮಾರಿದ. ನೀವು ಸ್ವಲ್ಪ ಬಾಯಿ ಹಾಕಿ ಹೇಳಿಬಿಡಿ."

"ಅಮ್ಮಾ, ನಾನು ನಮ್ಮ ಕಾರ್ಖಾನೆ ಮಾಲು ಮಾತ್ರ..."

"ಒಂದೇ ಒಂದು ಸ್ಟೂಲು ಅಣ್ಣಾ. ತಂಗಿ ಅಂದ್ಕೊಳ್ಳಿ."

ತಂಗಿ ಎಂದ ಮೇಲೆ ಏನು ಮಾಡುವುದು? ಸ್ಟೂಲು ನೆಕ್ಕಿದ. ಆಕೆಯ ಗಂಡ ಕುರ್ಚಿ ತಂದ. ಕುರ್ಚಿಯ ಹಿಂದೆ ಅತ್ತೆಯ ಊರುಗೋಲು ಬಂತು, ಊರುಗೋಲಿನ ಹಿಂದೆಯೇ ಅತ್ತೆಯೂ ಗೋಡೆ ಹಿಡಿದುಕೊಂಡು ಬಂದರು. "ಇದು ನಮ್ಮ ಮಾವನೋರ ಕಾಲದ್ದಪ್ಪ. ಮೆಲ್ಲಗೆ ನೆಕ್ಕು, ಬಿರುಕು ಬಿಟ್ಟೀತು" ಎಂದರು. ಮೇಸ್ತ್ರಿ ಮೆಲ್ಲಗೇ ನೆಕ್ಕಿ, ಇನ್ನೂ ಎರಡು ತಲೆಮಾರು ಬಾಳುತ್ತದೆ ಎಂದು ತೀರ್ಪು ಕೊಟ್ಟ. ಅತ್ತೆಯ ಕಣ್ಣಲ್ಲಿ ನೀರು ಬಂತು. ಮೇಸ್ತ್ರಿಯ ಕಣ್ಣಲ್ಲೂ ಬಂತು. ಅದಕ್ಕೆ ಮಂಡಿ ಕಾರಣ.

ಕಪಾಟಿನ ಕೊನೆಯ ತೂತೂ ಹೊಟ್ಟು, ಅಂಟು. ಎಲ್ಲಿಯೂ ಪೀನಟ್ ಬಟರ್ ಇಲ್ಲ. ಮೇಸ್ತ್ರಿ ಒಳ್ಳೆಯ ಕಪಾಟನ್ನು ಕೆಳಗಿನಿಂದ ಮೇಲಿನವರೆಗೆ ಜರಡಿ ಮಾಡಿಟ್ಟಿದ್ದ. ಅದನ್ನೆಲ್ಲ ಮತ್ತೆ ತುಂಬಿ, ತಿಕ್ಕಿ, ಪಾಲಿಶ್ ಎಳೆಯುವ ಹೊತ್ತಿಗೆ ಮಧ್ಯಾಹ್ನದ ಊಟವೂ ತಪ್ಪಿ, ಕಿಟಕಿಯ ಬಿಸಿಲು ಕೆಳಗಿಳಿದಿತ್ತು.

ಮೇಡಂ ತಟ್ಟೆ ಹಿಡಿದು ಬಂದರು. "ಇಷ್ಟು ಪ್ರಾಮಾಣಿಕ ಕೆಲಸಗಾರನ್ನ ನಾನು ನೋಡಿಲ್ಲ. ನಮ್ಮ ಸಾಮಾನು ನೆಕ್ಕಿ ನೆಕ್ಕಿ ನಾಲಿಗೆ ಕೆಟ್ಟಿರುತ್ತೆ, ತಗೊಳ್ಳಿ."

ತಟ್ಟೆಯಲ್ಲಿ ಬ್ರೆಡ್ಡು. ಬ್ರೆಡ್ಡಿನ ಮೇಲೆ ಬೆರಳು ದಪ್ಪ ಬಳಿದ ಪೀನಟ್ ಬಟರ್. ಯಾರೂ ಕದಿಯದ, ಯಾರಿಗೂ ಹೆದರದೆ ತಿನ್ನಬಹುದಾದ, ಬೆವರು ಸುರಿಸಿ ದುಡಿದ ಪೀನಟ್ ಬಟರ್. ಇಲ್ಲಿ ಅಕ್ಕನಿಲ್ಲ, ಭಾವನಿಲ್ಲ. ಮೇಸ್ತ್ರಿಯ ಕೈ ಮುಂದೆ ಹೋಯಿತು. ಆಮೇಲೆ ಅದೇಕೋ ಟೀ ಕುಡಿಯುತ್ತ ಕಿವಿಚಿಕೊಂಡ ಆ ಮುಖ ನೆನಪಾಗಿ, ಕೈ ತಾನಾಗಿ ಹಿಂದೆ ಬಂತು.

"ಬೇಡ ಮೇಡಂ."

"ಯಾಕೆ, ಹಿಡಿಸಲ್ವಾ?"

"ಪ್ರಾಣ ಮೇಡಂ. ಆದ್ರೆ ಮನೇಲಿ ಒಬ್ಳು ನನ್ನಿಂದಾಗಿ ಎಲ್ಲಾ ಬಿಟ್ಟು ಕೂತಿದಾಳೆ."

ಮನೆ ಮುಟ್ಟಿದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. "ಎಲ್ರೀ ಹೋಗಿದ್ರಿ? ಊಟ ತಂದ್ರೆ ಮನುಷ್ಯನೇ ಇಲ್ಲ. ಅಕ್ಕನ್ನ ಕೇಳಿದ್ರೆ, ಮುಖ ಬಿಳಿಚ್ಕೊಂಡು ಓಡಿದ್ರು ಅಂದ್ಳು. ನನ್ನ ಎದೆ ಹೇಗೆ ಹೊಡ್ಕೊಂಡಿರ್ಬೇಡ?"

ಮೇಸ್ತ್ರಿ ಕುರ್ಚಿಯಲ್ಲಿ ಕುಸಿದ. ಇನ್ನು ಮುಚ್ಚಿಡುವ ಶಕ್ತಿ ಅವನಲ್ಲಿರಲಿಲ್ಲ. "ಬೈಯೋದಾದ್ರೆ ಬೈದುಬಿಡು, ಮಾತು ಮಾತ್ರ ಬಿಡ್ಬೇಡ. ನಾನು ನಿನಗೆ ಮೋಸ ಮಾಡಿದೀನಿ ಕಣೇ. ನೀನು ಇಲ್ಲಿ ಸಪ್ಪೆ ಟೀ ಕುಡೀತಿದ್ರೆ, ನಾನು ಅಲ್ಲಿ ಪುಟ್ಟಿ ಡಬ್ಬೀಲಿ..."

"ಪೀನಟ್ ಬಟರ್ ಇಟ್ಕೊಂಡಿದ್ರಿ."

ಮೇಸ್ತ್ರಿ ಕುರ್ಚಿಯಲ್ಲೇ ನೆಟ್ಟಗಾದ. "ನಿನಗೆ ಹೇಗೆ ಗೊತ್ತು?"

"ಮೀಸೆ ತುಂಬ ಕಡಲೆಕಾಯಿ ವಾಸನೆ ಇಟ್ಕೊಂಡು ಮನೆಗೆ ಬರ್ತೀರಿ. ವಾಸನೆ ಬರದೇ ಇರೋದು ನಿಮ್ಮ ಮೂಗಿಗೆ, ನನ್ನ ಮೂಗಿಗೇನು ಧಾಡಿ?"

"ಗೊತ್ತಿದ್ರೂ ಯಾಕೆ ಸುಮ್ನಿದ್ದೆ?"

ಅವಳು ಸೆರಗಿನ ತುದಿ ಸುತ್ತತೊಡಗಿದಳು. "ಕಿತ್ಕೊಳ್ಳೋಣ ಅಂತಾನೇ ಕಾರ್ಖಾನೆಗೆ ಬಂದು ನಿಮ್ಮ ಶೆಲ್ಫು ತಡಕಿದೆ. ಅಷ್ಟು ಆಸೆಪಟ್ಟು ಇಟ್ಕೊಂಡಿದಾರಲ್ಲ ಅಂತ ಮನಸ್ಸು ಬರ್ಲಿಲ್ಲ. ಅದಕ್ಕೇ ನೀವು ಊಟಕ್ಕೆ ಕೈ ತೊಳ್ಯೋಕೆ ಹೋದಾಗ ದಿನಾ ಒಂದು ಚಮಚ ನಾನು ತಿಂದುಬಿಡ್ತಿದ್ದೆ. ನಿಮ್ಮ ಪಾಲಿಗೆ ಅಷ್ಟು ಕಮ್ಮಿ ಆಗ್ಲಿ ಅಂತ."

"ಒಂದು ಚಮಚ?"

"ಮೊದಮೊದಲು ಒಂದೇ. ನಿಮ್ಮ ಮಂಡಿಗೋಸ್ಕರ. ಆಮೇಲೆ..." ಅವಳು ಕೆಳಗೆ ನೋಡಿದಳು. "ಅದು ರುಚಿಯಾಗೇ ಇದೆ ಕಣ್ರೀ. ನಿನ್ನೆ ತಳ ಕೆರೆದದ್ದು ನಾನೇ."

ಡಬ್ಬಿ ಅಷ್ಟು ಬೇಗ ಇಳಿಯುವುದನ್ನು ಕಂಡು ಮೇಸ್ತ್ರಿ ತನ್ನ ಹೊಟ್ಟೆಬಾಕತನವನ್ನು ಎಷ್ಟು ಶಪಿಸಿಕೊಂಡಿದ್ದ! ಇವತ್ತು ಎಷ್ಟು ಮರ ನೆಕ್ಕಿದ್ದ! ಸಿಟ್ಟು ಬರಬೇಕೆಂದು ಕಾದ. ಬಂದದ್ದು ನಗು. ಅವಳಿಗೂ ಅದು ಅಂಟಿಕೊಂಡು, ಇಬ್ಬರೂ ಗೋಡೆಗೆ ಒರಗಿ, ಮಾತು ಹೊರಡದೆ, ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

ಮರುದಿನ ಇಬ್ಬರೂ ಡಾಕ್ಟರ ಹತ್ತಿರ ಹೋದರು. ಅವನನ್ನು ತೂಕದ ಯಂತ್ರ ಹತ್ತಿಸಿದ ಡಾಕ್ಟರು ಮೆಚ್ಚಿ ತಲೆದೂಗಿದರು. ಹೆಂಡತಿಯೂ ಸುಮ್ಮನೆ ಹತ್ತಿ ನೋಡಿದಳು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, "ಅಮ್ಮಾ, ನಾಳೆಯಿಂದ ನೀವೂ ಶುರು ಮಾಡಿ. ಇವರು ಮಾಡಿದ ಹಾಗೇ ಮಾಡಿ, ಸಾಕು. ನೀವಿಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಿ" ಎಂದರು.

ಮೇಸ್ತ್ರಿಯ ತೂಕ ಎರಡು ಕಿಲೋ ಇಳಿದಿತ್ತು. ಹೆಂಡತಿಯದು ಎರಡು ಕಿಲೋ ಏರಿತ್ತು. ಮನೆಯ ಒಟ್ಟು ತೂಕದಲ್ಲಿ ಏನೂ ವ್ಯತ್ಯಾಸವಾಗಲಿಲ್ಲ; ಪೀನಟ್ ಬಟರ್ ಮಾತ್ರ ಹೋಯಿತು.